ಒಮಿತ್ಲಾನಿನ ವಿಧವೆ ಕಳಿಸಿದ ಹದಿಮೂರು ನಾಣ್ಯ

ಹೊಳೆಯುವ ವಸ್ತುವನ್ನು ಕಂಡರೆ ಉರಿದುಬೀಳುವ ಮನುಷ್ಯ ರಿಯಲ್ ದೆಲ್ ಮೊಂತೆ ಎಂಬ ಬೆಟ್ಟದೂರಿನಲ್ಲಿ ಒಬ್ಬನೇ ಇದ್ದ. ಅವನು ನಬೋರ್ ಇಸ್ಲಾಸ್. ನೀರಿನ ಕಚೇರಿಯ ಕಿಟಕಿಯ ಹಿಂದೆ ಕೂತು ರಸೀದಿಗೆ ಮುದ್ರೆ ಒತ್ತುತ್ತ ಒತ್ತುತ್ತ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುತ್ತಾರೆ. ನಬೋರ್ ನಾಣ್ಯಗಳಲ್ಲಿ ತಪ್ಪು ಹುಡುಕಲು ಹೊರಟ. ಪೀಡೆ ತೊಲಗಿತು ಎಂದು ಹೆಂಡತಿ ಹೆರ್ಮಿಲಾ ಮೊದಮೊದಲು ಸಂತೋಷವನ್ನೇ ಪಟ್ಟಳು.

ವಿದ್ಯೆ ಬಂದದ್ದು ಮೊಬೈಲಿನಿಂದ. ಅದರಲ್ಲಿ ಮುಖ ತೋರಿಸದ ಒಬ್ಬ ಮಹಾನುಭಾವ ಬರೀ ಎರಡು ಕೈ ತೋರಿಸಿ ಪಾಠ ಹೇಳುತ್ತಿದ್ದ. ಅದನ್ನು ನೋಡಿ ನೋಡಿ ನಬೋರನಿಗೆ ಜ್ಞಾನೋದಯವಾಯಿತು. ಬೆಳ್ಳಿಯ ಹಳೆಯ ಪೆಸೊ ಕೈಗೆ ಬಂದರೆ ಮೊದಲು ಅದನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ಮೆಲ್ಲಗೆ ವಾಲಿಸಬೇಕು. ಯಾರೂ ಉಜ್ಜದ ನಾಣ್ಯದ ಮೇಲೆ ಬೆಳಕು ಗಾಡಿಯ ಚಕ್ರದಂತೆ ಸುತ್ತುತ್ತದೆ. ಉಜ್ಜಿದ ನಾಣ್ಯದ ಮೇಲೆ ತೊಳೆದ ತಟ್ಟೆಯ ಮೇಲಿದ್ದಂತೆ ಸುಮ್ಮನೆ ಬಿದ್ದಿರುತ್ತದೆ. ಆಮೇಲೆ ಭೂತಗನ್ನಡಿ. ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳಿದ್ದರೆ ಯಾರೋ ಬಟ್ಟೆ ಹಿಡಿದು ತಿಕ್ಕಿದ್ದಾರೆ ಎಂದೇ ಅರ್ಥ. ಆ ಪೆಸೊದ ಒಂದು ಮುಖದಲ್ಲಿ ಟೋಪಿ, ಸುತ್ತ ಕಿರಣಗಳು. ತಿಕ್ಕುವವರ ಬೆರಳು ಟೋಪಿಯನ್ನು ಬೆಳಗುತ್ತದೆಯೇ ಹೊರತು ಕಿರಣಗಳ ಸಂದಿಗೆ ಇಳಿಯುವುದಿಲ್ಲ. ಟೋಪಿ ಥಳಥಳ, ಸಂದಿಯಲ್ಲಿ ಕರಿ ಕೊಳೆ ಎಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಇದೆಲ್ಲ ನಿಜವೇ. ತಕರಾರು ಏನೆಂದರೆ, ನಬೋರ್ ಇದನ್ನು ಬ್ರೆಡ್ಡಿನ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗಲೂ ಹೇಳುತ್ತಿದ್ದ. ಅವನು ಬೀದಿಯಲ್ಲಿ ಕಾಣಿಸಿದರೆ ಜನ ಅಂಗಿಯ ಗುಂಡಿಗಳನ್ನು ಕೈಯಿಂದ ಮುಚ್ಚಿಕೊಂಡು ದಾಟುವಂತಾಯಿತು.

ಹೀಗಿರುವಾಗ ನಬೋರನ ತಮ್ಮ ಫೆರ್ಮಿನ್‌ನ ಮಗಳು ಮಾರಿಕ್ರೂಸ್‌ಗೆ ಮದುವೆ ಗೊತ್ತಾಯಿತು. ನಬೋರ್ ದಂಪತಿಗೆ ಮಕ್ಕಳಿಲ್ಲ. ಹುಡುಗಿ ಬೆಳೆದದ್ದು ಅರ್ಧ ತನ್ನ ಮನೆಯಲ್ಲಿ, ಅರ್ಧ ಹೆರ್ಮಿಲಾಳ ಅಡುಗೆಮನೆಯಲ್ಲಿ. ಮದುವೆಯಲ್ಲಿ ವರ ವಧುವಿನ ಬೊಗಸೆಗೆ ಹದಿಮೂರು ನಾಣ್ಯ ಸುರಿಯುತ್ತಾನಲ್ಲ, ಅವನ್ನು ತಂದುಕೊಡುವ ಪದ್ರಿನೊ ದೊಡ್ಡಪ್ಪನೇ ಆಗಬೇಕೆಂದು ಅವಳು ಹಟ ಹಿಡಿದಳು. ನಬೋರನ ಎದೆ ಉಬ್ಬಿ ಅಂಗಿಯ ಹೊಲಿಗೆ ಬಿಟ್ಟಿತು. ಎಲ್ಲರೂ ಚಿನ್ನದ ನೀರು ಕುಡಿಸಿದ ಬಿಲ್ಲೆಗಳ ಡಬ್ಬಿ ಕೊಡುತ್ತಾರೆ, ತಾನು ಮಾತ್ರ ಯಾರ ಕೈಯೂ ಉಜ್ಜದ ಅಪ್ಪಟ ಬೆಳ್ಳಿಯ ಪೆಸೊಗಳನ್ನೇ ಕೊಡುವುದಾಗಿ ಊರಿಗೆಲ್ಲ ಸಾರಿದ.

ಹೆರ್ಮಿಲಾ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅದರಲ್ಲಿದ್ದದ್ದು ಅವರದೇ ಮದುವೆಯ ಹದಿಮೂರು ಪೆಸೊ. ಮದುವೆಯ ದಿನ ಬಂದಾಗಲೆಲ್ಲ ಪ್ರತಿ ವರ್ಷವೂ ಅವಳು ಅವನ್ನು ನಿಂಬೆಹುಳಿ, ಅಡುಗೆ ಸೋಡಾ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಇವು ಮಾರಿಕ್ರೂಸ್‌ಗೇ ಹೋಗಬೇಕೆಂಬುದು ಅವಳು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಆಸೆ.

ನಬೋರ್ ಮೇಲಿನ ಎರಡನ್ನು ಎತ್ತಿ ಕಿಟಕಿಯ ಬಳಿ ವಾಲಿಸಿದ. ಭೂತಗನ್ನಡಿ ಹಿಡಿದ. ಸತ್ತವರ ಮನೆಯಿಂದ ಹೊರಬರುವ ವೈದ್ಯನ ಮುಖ ಮಾಡಿದ.

"ಇವು ನಾಣ್ಯಗಳ ಹೆಣ ಕಣೇ. ಯಾರೋ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಕೊಂದಿದ್ದಾರೆ," ಅಂದ.

"ಆ ಯಾರೋ ನಾನೇ," ಅಂದಳು ಹೆರ್ಮಿಲಾ.

"ಹಾಗಾದ್ರೆ ನೀನು ಅಳಿಸಿ ಹಾಕಿದ್ದು ಒಂದು ಶತಮಾನವನ್ನ. ಮುಚ್ಚಿಡು, ಯಾರಾದ್ರೂ ನೋಡಿಯಾರು."

ಹೆರ್ಮಿಲಾ ಡಬ್ಬಿ ಮುಚ್ಚಿದಳು, ಬಾಯಿಯನ್ನೂ ಮುಚ್ಚಿದಳು. ಹೆಂಡತಿ ಮಾತು ನಿಲ್ಲಿಸಿದರೆ ಒಪ್ಪಿಕೊಂಡಳೆಂದು ತಿಳಿಯುವ ಗಂಡಂದಿರಲ್ಲಿ ನಬೋರ್ ಅಗ್ರಗಣ್ಯ. ಅವಳಿಗೆ ನೋವಾಗಿತ್ತು, ಬಹಳವೇ ಆಗಿತ್ತು. ಭೂತಗನ್ನಡಿಯಲ್ಲಿ ಅದು ಕಾಣುವುದಿಲ್ಲ.

ಮುಂದೆ ಶುರುವಾಯಿತು ಆನ್‌ಲೈನ್ ವ್ಯಾಪಾರ. ಗ್ವಾದಲಹಾರದಿಂದ ಬಂದ ಪೆಸೊದ ಟೋಪಿ ಕನ್ನಡಿಯಂತೆ ಹೊಳೆಯುತ್ತಿತ್ತು, ವಾಪಸ್ಸು. ಪುಯೆಬ್ಲಾದವನು ಬಿಳಿ ಬಟ್ಟೆಯ ಮೇಲಿಟ್ಟು ಜೋರು ಬೆಳಕು ಬಿಟ್ಟು ಒಂದೇ ಮುಖದ ಫೋಟೋ ಹಾಕಿದ್ದ. ಇನ್ನೊಂದು ಮುಖದಲ್ಲಿ ಗೀರೋ ಗೀರು, ಅದೂ ವಾಪಸ್ಸು. ಮೊಂತೆರ್ರೆಯಿಂದ ಬಂದದ್ದನ್ನು ಲಕೋಟೆ ಪೂರ್ತಿ ಒಡೆಯದೆಯೇ ಹಿಂದಕ್ಕೆ ಕಳಿಸಿದ, ಹರಿದ ಮೂಲೆಯಿಂದಲೇ ಹೊಳಪು ಕಂಡಿತಂತೆ. ಕೊನೆಗೆ ಒಬ್ಬ ಮಾರಾಟಗಾರ, ತಾವು ಕೊಳ್ಳುತ್ತಿದ್ದೀರೋ ಅಥವಾ ನಾಣ್ಯಗಳಿಗೆ ಪ್ರವಾಸ ಮಾಡಿಸುತ್ತಿದ್ದೀರೋ ಎಂದು ವಿನಯದಿಂದ ಬರೆದು ಕೇಳಿದ. ಕೊರಿಯರ್‌ನವನು ನಬೋರನ ಬೀದಿಗೆ ಬರುವುದನ್ನೇ ಬಿಟ್ಟು, ಪಕ್ಕದ ಒಬ್ದುಲಿಯಾಳ ಪಾಸ್ಟೆ ಅಂಗಡಿಯಲ್ಲಿ ಪೊಟ್ಟಣಗಳನ್ನು ಇಟ್ಟು ಓಡಿಹೋಗುತ್ತಿದ್ದ.

ಈ ಒಬ್ದುಲಿಯಾ ಆಲೂಗಡ್ಡೆ ಮತ್ತು ಮಾಂಸ ತುಂಬಿದ ಪಾಸ್ಟೆಗಳನ್ನು ಬೇಯಿಸಿ ಮೊಬೈಲಿನಲ್ಲೇ ಆರ್ಡರ್ ತೆಗೆದುಕೊಂಡು ಮಾರುವ ಚುರುಕು ಹೆಂಗಸು. ಹೆರ್ಮಿಲಾಳ ಜೀವದ ಗೆಳತಿ. ಒಂದು ಭಾನುವಾರ ಫೆರ್ಮಿನ್‌ನ ಮನೆಯ ತಿಂಡಿಗೆ ಅವಳೂ ಬಂದಿದ್ದಳು. ಅಲ್ಲಿ ನಬೋರ್ ಬೇಯಿಸಿದ ಮೊಟ್ಟೆಯೊಂದನ್ನು ಎತ್ತಿ ಹಿಡಿದು ಮೋಸಗಾರರ ಕೊನೆಯ ಅಸ್ತ್ರದ ಬಗ್ಗೆ ಭಾಷಣ ಮಾಡಿದ. ಉಜ್ಜಿ ಹಾಳಾದ ನಾಣ್ಯಗಳನ್ನು ಅವರು ಬೇಯಿಸಿದ ಮೊಟ್ಟೆಯ ಹಳದಿಯ ಜೊತೆ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಡುತ್ತಾರೆ. ಕೆಲವು ದಿನದಲ್ಲಿ ಬೆಳ್ಳಿ ಕಪ್ಪಾಗುತ್ತದೆ, ನೂರು ವರ್ಷದ ಹಳೆಯ ಬಣ್ಣ ಬರುತ್ತದೆ. ಮೂರ್ಖರು ಮೋಸಹೋಗುತ್ತಾರೆ. ಹೀಗೆ ಹೇಳಿ ಆ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡ. ಹೆರ್ಮಿಲಾ ಒಬ್ದುಲಿಯಾಳ ಮುಖ ನೋಡಿದಳು. ಒಬ್ದುಲಿಯಾ ಹೆರ್ಮಿಲಾಳ ಮುಖ ನೋಡಿದಳು.

ಮಾರನೆಯ ದಿನದಿಂದ ನಬೋರನ ತಟ್ಟೆಗೆ ಮೂರು ಹೊತ್ತೂ ಮೊಟ್ಟೆ. ಅದೂ ಬರೀ ಬಿಳಿಭಾಗ. ಹಳದಿ ಎಲ್ಲಿ ಎಂದು ಕೇಳಿದರೆ ನಿಮ್ಮ ವಯಸ್ಸಿಗೆ ಕೊಬ್ಬು ಒಳ್ಳೆಯದಲ್ಲ ಎಂಬ ಉತ್ತರ ಬಂತು. ಹೆಂಡತಿ ತನ್ನ ಆರೋಗ್ಯಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡಿದ್ದಾಳೆ ಎಂದು ಅವನ ಕಣ್ಣು ತೇವವಾಯಿತು.

ಅದೇ ವಾರದ ಕೊನೆಯಲ್ಲಿ ಮೊಬೈಲಿನಲ್ಲಿ ಆ ಜಾಹೀರಾತು ಕಾಣಿಸಿತು. ಮಾರುವವರ ಹೆಸರು, ಒಮಿತ್ಲಾನಿನ ವಿಧವೆ. ಹದಿಮೂರು ಬೆಳ್ಳಿ ಪೆಸೊ, ಒಂದೊಂದೂ ಮಳೆಮೋಡದ ಬಣ್ಣ, ಅಂಚಿನಲ್ಲಿ ನಸುನೇರಳೆ. ಕೆಳಗೆ ಬರೆದಿತ್ತು: "ನಾಣ್ಯದ ಜ್ಞಾನ ಇರುವವರು ಮಾತ್ರ ಸಂಪರ್ಕಿಸಿ. ಹೊಳಪಿಗೆ ಮರುಳಾಗುವವರು ದೂರ ಇರಿ. ಮಾರಿದ ಮೇಲೆ ವಾಪಸ್ ಇಲ್ಲ."

ನಬೋರ್ ಕುರ್ಚಿಯಿಂದ ಎದ್ದು ನಿಂತ. ಜಗತ್ತಿನಲ್ಲಿ ತನ್ನಂಥ ಇನ್ನೊಂದು ಜೀವ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಚೌಕಾಸಿ ಮಾಡದೆ, ಡಬ್ಬಿಯಲ್ಲಿ ಕೂಡಿಟ್ಟದ್ದನ್ನೆಲ್ಲ ಬಾಚಿ ದುಡ್ಡು ಕಳಿಸಿದ.

ಪೊಟ್ಟಣ ಒಮಿತ್ಲಾನಿನ ಅಂಚೆಯ ಮುದ್ರೆ ಹೊತ್ತು ಬಂತು. ಒಬ್ದುಲಿಯಾ ಹಿಟ್ಟು ತರಲು ಪ್ರತಿ ಮಂಗಳವಾರ ಒಮಿತ್ಲಾನಿಗೆ ಹೋಗುತ್ತಾಳೆ ಎಂಬುದು ಊರಿಗೆಲ್ಲ ಗೊತ್ತು, ನಬೋರನಿಗೂ ಗೊತ್ತು, ಆದರೆ ಗೊತ್ತಿರುವುದೆಲ್ಲ ಸಮಯಕ್ಕೆ ನೆನಪಾಗಬೇಕಲ್ಲ. ಪೊಟ್ಟಣವನ್ನು ಒಳಗೆ ತಂದುಕೊಟ್ಟವಳು ಹೆರ್ಮಿಲಾ. ಬಿಚ್ಚಿದ ಕೂಡಲೆ ಅವಳು ಮೂಗು ಮುಚ್ಚಿಕೊಂಡಳು.

"ರೀ, ಮೊಟ್ಟೆ ವಾಸನೆ ಬರ್ತಿದೆ."

"ಅದು ಕಾಲದ ವಾಸನೆ ಕಣೇ. ನಿನಗೆ ಗೊತ್ತಾಗಲ್ಲ," ಅಂದ ನಬೋರ್, ದೀರ್ಘವಾಗಿ ಉಸಿರು ಎಳೆದುಕೊಳ್ಳುತ್ತ.

ಒಂದು ನಾಣ್ಯದ ಅಂಚಿನಲ್ಲಿ ಸಣ್ಣ ತಗ್ಗು ಇತ್ತು. ಭೂತಗನ್ನಡಿಯಲ್ಲಿ ಅದು ಹಲ್ಲಿನ ಗುರುತು ಎಂದು ಸ್ಪಷ್ಟವಾಯಿತು. ಹಿಂದಿನ ಕಾಲದ ಯಾವನೋ ಹೇಸರಗತ್ತೆಯ ಸರದಾರ ಬೆಟ್ಟದ ದಾರಿಯಲ್ಲಿ ಬೆಳ್ಳಿಯನ್ನು ಕಚ್ಚಿ ಪರೀಕ್ಷಿಸಿದ್ದಾನೆ, ಇತಿಹಾಸ ಇಲ್ಲಿ ಹಲ್ಲೂರಿ ನಿಂತಿದೆ ಎಂದು ನಬೋರ್ ಭಕ್ತಿಯಿಂದ ವಿವರಿಸಿದ. ಹೆರ್ಮಿಲಾಳಿಗೆ ಜೋರಾಗಿ ಕೆಮ್ಮು ಬಂದು ಒಳಗೆ ಹೋದಳು.

ಇಷ್ಟಕ್ಕೇ ಕತೆ ಮುಗಿಯಬಹುದಿತ್ತು. ಆದರೆ ನಬೋರನಿಗೆ ಎರಡು ದೌರ್ಬಲ್ಯಗಳಿದ್ದವು. ಒಳ್ಳೆಯ ಮಾರಾಟಗಾರರ ಗುಟ್ಟು ಬಿಟ್ಟುಕೊಟ್ಟರೆ ಬೇರೆಯವರು ಮುಗಿಬೀಳುತ್ತಾರೆ ಎಂದು ನಾಣ್ಯದ ವಿಷಯ ಬಾಯಿ ಬಿಡುವ ಹಾಗಿರಲಿಲ್ಲ. ಹೊಗಳದೆ ಇರಲೂ ಆಗುತ್ತಿರಲಿಲ್ಲ. ಹೀಗಾಗಿ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತು, ಒಮಿತ್ಲಾನಿನಲ್ಲಿ ತನಗೊಬ್ಬ ವಿಧವೆಯ ಪರಿಚಯವಾಗಿದೆ, ವಯಸ್ಸನ್ನು ಮುಚ್ಚಿಡದ ಹೆಂಗಸು, ಮೇಲುಮೇಲಿನ ಹೊಳಪಿಲ್ಲ, ಇಷ್ಟು ದಿನ ಇಂಥವರನ್ನೇ ಹುಡುಕುತ್ತಿದ್ದೆ ಎಂದಷ್ಟೇ ಹೇಳಿದ. ಯಾಕೆ, ಏನು ಎಂದು ಕೇಳಿದರೆ ಮದುವೆಯ ದಿನ ಗೊತ್ತಾಗುತ್ತದೆ ಅಂದ. ಕ್ಷೌರಿಕನ ಕೈಯಲ್ಲಿ ಕತ್ತಿ ನಿಂತೇ ಹೋಯಿತು.

ಸುದ್ದಿ ಅವನ ಅರ್ಧ ಗಡ್ಡ ಇಳಿಯುವ ಮೊದಲೇ ಚೌಕ ದಾಟಿತು. ಹೂವಿನವಳು ಹೆರ್ಮಿಲಾಳಿಗೆ ದುಡ್ಡು ತೆಗೆದುಕೊಳ್ಳದೆ ಹೂ ಕೊಟ್ಟಳು. ಮಾಂಸದಂಗಡಿಯವನು ಎಲುಬಿಲ್ಲದ ತುಂಡನ್ನೇ ಆರಿಸಿ ಕಟ್ಟಿದ. ನೀರಿನ ಕಚೇರಿಯ ಹಳೆಯ ಸಾಹೇಬರು ಖುದ್ದಾಗಿ ಬಂದು, ತಾಯಿ, ಧೈರ್ಯ ತಂದುಕೊಳ್ಳಿ, ಅವನು ಕೆಲಸದಲ್ಲಿದ್ದಾಗ ಹೀಗಿರಲಿಲ್ಲ ಎಂದು ಹೇಳಿ ಹೋದರು. ಹೆರ್ಮಿಲಾ ಎಲ್ಲರಿಗೂ ಕಾಫಿ ಕೊಟ್ಟು, ನನ್ನ ಹಣೆಬರಹ ಎಂದು ನಿಟ್ಟುಸಿರು ಬಿಟ್ಟು, ಬಾಗಿಲು ಹಾಕಿಕೊಂಡು ಒಬ್ದುಲಿಯಾಳ ಭುಜದ ಮೇಲೆ ಬಿದ್ದು ನಗುತ್ತಿದ್ದಳು.

ಕೊನೆಗೆ ಪಾದ್ರಿ ವಿಲ್ಫ್ರಿದೊ ಅವರು ನಬೋರನನ್ನು ಚರ್ಚಿನ ಹಿಂದಿನ ಕೋಣೆಗೆ ಕರೆಸಿದರು.

"ನಬೋರ್, ಒಮಿತ್ಲಾನಿನಲ್ಲಿ ಒಬ್ಬ ಹೆಂಗಸು ಇದ್ದಾರಂತೆ."

"ಇದ್ದಾರೆ ಫಾದರ್. ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಅಂಥ ಪ್ರಾಮಾಣಿಕರನ್ನ ನಾನು ಕಂಡೇ ಇಲ್ಲ."

"ಹೆರ್ಮಿಲಾಗೆ ಗೊತ್ತಾ?"

"ಗೊತ್ತು. ಮೊದಲ ದಿನವೇ ಗೊತ್ತಾಯ್ತು."

"ಏನಂದಳು?"

"ಮೊಟ್ಟೆ ವಾಸನೆ ಅಂದಳು."

ಪಾದ್ರಿಗಳು ತಮ್ಮ ಸೇವೆಯಲ್ಲಿ ನಾನಾ ಬಗೆಯ ಪಾಪನಿವೇದನೆ ಕೇಳಿದವರು. ಮೊಟ್ಟೆಯ ಬಗ್ಗೆ ಅವರಿಗೆ ಯಾವ ಗುರುವೂ ಏನೂ ಕಲಿಸಿರಲಿಲ್ಲ. ಹಣೆ ಒರೆಸಿಕೊಂಡು, ಇಂಥ ಸ್ಥಿತಿಯಲ್ಲಿರುವವರು ಪದ್ರಿನೊ ಆಗಿ ಬಲಿಪೀಠದ ಮುಂದೆ ನಿಲ್ಲುವುದು ಹೇಗೆಂದು ಯೋಚಿಸಬೇಕಾಗುತ್ತದೆ ಎಂದರು.

ನಬೋರ್ ಮನೆಗೆ ಬರುವಷ್ಟರಲ್ಲಿ ಫೆರ್ಮಿನ್ ಹೊಸಿಲಲ್ಲೇ ಕೂತಿದ್ದ. "ಅಣ್ಣ, ಪಚೂಕದ ಬೀಗರಿಗೂ ಗೊತ್ತಾಗಿದೆ. ಅಂಥವರ ಕೈಯಿಂದ ಬಂದ ನಾಣ್ಯ ನಮ್ಮ ಮನೆಗೆ ಬೇಡ ಅಂತಿದ್ದಾರೆ. ಅವರೇ ಒಂದು ಡಬ್ಬಿ ತರ್ತಾರಂತೆ. ಮಾರಿಕ್ರೂಸ್ ಅಳ್ತಾ ಕೂತಿದ್ದಾಳೆ, ದೊಡ್ಡಪ್ಪ ಕೊಡದಿದ್ರೆ ಮದುವೆಯೇ ಬೇಡ ಅಂತ."

ನಬೋರ್ ತಮ್ಮನ ಪಕ್ಕದಲ್ಲೇ ಹೊಸಿಲ ಮೇಲೆ ಕೂತ. ಅವನ ತಲೆಯಲ್ಲಿ ಏನೇ ಹೊಟ್ಟು ತುಂಬಿದ್ದರೂ ಆ ಹುಡುಗಿಯ ಮೇಲಿನ ಪ್ರೀತಿ ಅಪ್ಪಟವಾದದ್ದು. ನಾಣ್ಯದ ಗುಟ್ಟನ್ನೆಲ್ಲ ತಮ್ಮನಿಗೆ ಬಿಚ್ಚಿ ಹೇಳಿದ. ಫೆರ್ಮಿನ್ ಒಂದಕ್ಷರ ನಂಬಲಿಲ್ಲ, ಇದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯಲಿಲ್ಲವೇ ಎಂದು ಕೇಳಿದ. ಕಡೆಗೆ ನಬೋರ್, ಆ ಮಹಾತಾಯಿಯನ್ನೇ ಮದುವೆಗೆ ಕರೆಸುತ್ತೇನೆ, ಎಲ್ಲರ ಮುಂದೆ ಅವರೇ ಹೇಳಲಿ ಎಂದು ಮಾತು ಕೊಟ್ಟ. ಅವರು ಬರದಿದ್ದರೆ ಬೀಗರ ಡಬ್ಬಿಯೇ ಆಗಲಿ ಎಂದು ತೀರ್ಮಾನವಾಯಿತು.

ವಿಧವೆಗೆ ಬರೆದ. ಕೂಡಲೆ ಉತ್ತರ ಬಂತು. ಅಡುಗೆಮನೆಯಷ್ಟು ಹತ್ತಿರದಿಂದ ಬಂದ ಉತ್ತರ ಅದು ಎಂದು ಅವನಿಗೇನು ಗೊತ್ತು. "ಬರುತ್ತೇನೆ. ವಾದ್ಯದ ಸಮೇತ ಬರುತ್ತೇನೆ. ಆದರೆ ನಾನು ಯಾರೆಂದು ನೀವೇ ಗುರುತಿಸಬೇಕು. ನಿಮ್ಮದು ಮೋಸಹೋಗದ ಕಣ್ಣಲ್ಲವೇ?"

ಮದುವೆಯ ಬೆಳಿಗ್ಗೆ ಎಂದಿನ ಮಂಜು ಬೆಟ್ಟದಿಂದ ಇಳಿದು ಚರ್ಚಿನ ಬಾಗಿಲಲ್ಲಿ ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಕರೆದವರ ಜೊತೆಗೆ ಕರೆಯದವರೂ ವಿಧವೆಯನ್ನು ನೋಡಲು ಬಂದಿದ್ದರು. ನಬೋರ್ ಬೆಂಚಿನಿಂದ ಬೆಂಚಿಗೆ ಕಣ್ಣು ಹಾಯಿಸುತ್ತ ನಡೆದ. ಕಪ್ಪು ಉಡುಪಿನ, ಗಂಭೀರ ಮುಖದ ಹೆಂಗಸೊಬ್ಬಳು ಕಂಡಳು. ಸರ್ರನೆ ಹೋಗಿ ಬಗ್ಗಿ ನಮಸ್ಕರಿಸಿ, ತಾಯಿ, ತಮ್ಮ ಯಜಮಾನರ ಆತ್ಮಕ್ಕೆ ಶಾಂತಿ ಸಿಗಲಿ, ತಾವು ಬಂದದ್ದು ನನ್ನ ಪುಣ್ಯ ಎಂದ. ಆಕೆ ವರನ ಸೋದರತ್ತೆ. ಪಕ್ಕದಲ್ಲೇ ಕೂತಿದ್ದ ಯಜಮಾನರು, ನಾನಿನ್ನೂ ಇದ್ದೀನಪ್ಪ ಎಂದು ಕೈ ಎತ್ತಿ ತೋರಿಸಿದರು.

ನಾಣ್ಯ ಕೊಡುವ ಹೊತ್ತು ಬಂತು. ವಿಧವೆ ಬರಲಿಲ್ಲ. ಬೀಗರು ತಮ್ಮ ಡಬ್ಬಿಯ ಮುಚ್ಚಳ ತೆಗೆದರು, ಒಳಗಿನ ಬಿಲ್ಲೆಗಳು ಝಗ್ಗನೆ ಹೊಳೆದವು. ಪಾದ್ರಿಗಳು ಫೆರ್ಮಿನ್‌ನತ್ತ ನೋಡಿದರು, ಫೆರ್ಮಿನ್ ನೆಲ ನೋಡಿದ. ಮಾರಿಕ್ರೂಸ್ ದೊಡ್ಡಪ್ಪನನ್ನು ನೋಡುತ್ತಿದ್ದಳು, ಕಣ್ಣು ತುಂಬಿತ್ತು. ನಬೋರ್ ಕೈಚೀಲ ಹಿಡಿದು ಬೆವರುತ್ತ ನಿಂತಿದ್ದ.

ಆಗ ಮುಂದಿನ ಬೆಂಚಿನಿಂದ ಹೆರ್ಮಿಲಾ ಎದ್ದಳು.

"ಫಾದರ್, ಅವರೇ ಕೊಡಲಿ ಬಿಡಿ. ಆ ವಿಧವೆಯ ಬಗ್ಗೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ."

ಚರ್ಚಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಇಂಥ ಸಾಧ್ವಿಗೆ ಇಂಥ ಗಂಡ ಎಂದು ಹೂವಿನವಳು ಬಾಯಿಬಿಟ್ಟೇ ಹೇಳಿದಳು. ಹೆಂಡತಿಯೇ ಒಪ್ಪಿದ ಮೇಲೆ ಪಾದ್ರಿಗಳು ಬೇಡ ಎನ್ನುವುದು ಹೇಗೆ? ನಬೋರ್ ಚೀಲ ಬಿಚ್ಚಿ ವರನ ಕೈಗೆ ಸುರಿದ, ವರ ವಧುವಿನ ಬೊಗಸೆಗೆ ಸುರಿದ. ಹದಿಮೂರೂ ಕರ್ರಗೆ ಬಿದ್ದವು. ಇದ್ದಿಲು ಕೊಟ್ಟಿದ್ದಾನಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಧೂಪದ ಹೊಗೆಯನ್ನೂ ಮೀರಿ ಮೊಟ್ಟೆಯ ವಾಸನೆ ಮೇಲೆದ್ದಿತು. ಪಾದ್ರಿಗಳಿಗೆ ಏನೋ ನೆನಪಾಗಿ ಅವರು ಹೆರ್ಮಿಲಾಳತ್ತ ತಿರುಗಿದರು. ಮಾರಿಕ್ರೂಸ್ ಸೀನಿದಳು, ಒಂದು ನಾಣ್ಯ ಜಾರಿ ಉರುಳುತ್ತ ಉರುಳುತ್ತ ಮುಂದಿನ ಬೆಂಚಿನ ಕೆಳಗೆ ಹೋಗಿ ನಿಂತಿತು.

ಅಲ್ಲಿ ಕೂತಿದ್ದವರು ಹೆರ್ಮಿಲಾಳ ಅಪ್ಪ ದೋನ್ ರೆಗುಲೊ. ತೊಂಬತ್ತರ ಹತ್ತಿರದ ಮುದುಕ. ಸಂತೆಯಲ್ಲಿ ಕುರಿಮಾಂಸ ಮಾರಿ ಬದುಕಿದವರು, ಕಚ್ಚಿ ನೋಡದೆ ಯಾರ ಬೆಳ್ಳಿಯನ್ನೂ ನಂಬಿದವರಲ್ಲ. ನಬೋರನ ಮದುವೆಯಲ್ಲಿ ಪಾದ್ರಿಗಳನ್ನು ತಡೆದು ನಿಲ್ಲಿಸಿ, ನಾಣ್ಯ ಕಚ್ಚಿ ನೋಡಿದ ಮೇಲೆಯೇ ಮಗಳನ್ನು ಕೊಟ್ಟ ಆಸಾಮಿ. ಈಗ ಕೆಳಗೆ ಬಿದ್ದದ್ದನ್ನು ಎತ್ತಿಕೊಂಡು, ಅಭ್ಯಾಸಬಲದಿಂದ, ಉಳಿದಿದ್ದ ಒಂದೇ ಹಲ್ಲಿನ ಕೆಳಗೆ ಇಟ್ಟರು. ಹಲ್ಲು ಆ ತಗ್ಗಿನಲ್ಲಿ ಬೀಗದಲ್ಲಿ ಕೀಲಿ ಕೂತಂತೆ ಕೂತಿತು. ಮುದುಕ ನಾಣ್ಯವನ್ನು ಹೊರತೆಗೆದು ತಿರುಗಿಸಿ ನೋಡಿದರು.

"ಬೆಳ್ಳಿಯೇನೋ ಹೌದು," ಅಂದರು, ಕಿವುಡರ ದೊಡ್ಡ ದನಿಯಲ್ಲಿ. "ಆದರೆ ಇದನ್ನ ನಾನು ಆಗಲೇ ಒಂದ್ಸಲ ಕಚ್ಚಿದ್ದೀನಲ್ಲ ಅಳಿಯಂದಿರೇ."

ನಬೋರ್ ಮಾವನ ಹಲ್ಲನ್ನು ನೋಡಿದ. ನಾಣ್ಯವನ್ನು ನೋಡಿದ. ಹೇಸರಗತ್ತೆಯ ಸರದಾರ ಬೆಟ್ಟದ ದಾರಿಯಲ್ಲಿ ಮಾಯವಾದ. ವಾರವಿಡೀ ತಿಂದ ಮೊಟ್ಟೆಯ ಬಿಳಿಭಾಗವೆಲ್ಲ ಒಂದೊಂದಾಗಿ ನೆನಪಿಗೆ ಬಂತು. ನಿಧಾನವಾಗಿ ಹೆಂಡತಿಯತ್ತ ತಿರುಗಿದ.

"ನೀನಾ?"

"ಗುರುತು ಹಿಡಿಯೋಕೆ ಇಷ್ಟು ಹೊತ್ತು ಬೇಕಾಯ್ತಾ?" ಅಂದಳು ಹೆರ್ಮಿಲಾ.

"ಮತ್ತೆ ವಿಧವೆ ಅಂತ ಯಾಕೆ ಹಾಕಿದೆ? ನಾನು ಬದುಕಿದ್ದೀನಲ್ಲ."

"ನೀವು ಆ ಭೂತಗನ್ನಡಿ ಹಿಡಿದ ದಿನದಿಂದ ನನಗೆ ಗಂಡ ಇದ್ದಾನೆ ಅಂತ ಅನ್ನಿಸಿಲ್ಲ ಕಣ್ರೀ."

ಮೊದಲು ನಕ್ಕವಳು ಮಾರಿಕ್ರೂಸ್. ಆಮೇಲೆ ಒಬ್ದುಲಿಯಾ ತಡೆಯಲಾಗದೆ ಬೆಂಚಿನ ಮೇಲೆ ಕುಸಿದಳು, ಫೆರ್ಮಿನ್ ನಕ್ಕ, ಬೀಗರ ಯಜಮಾನರು ಹೊಟ್ಟೆ ಹಿಡಿದುಕೊಂಡರು. ಪಾದ್ರಿಗಳು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು, ಪುಸ್ತಕ ಅಲುಗಾಡುತ್ತಿತ್ತು. ನಬೋರ್ ಒಬ್ಬನೇ ನಗಲಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಮೋಹ ಉಕ್ಕಿತ್ತು. ವರ್ಷ ವರ್ಷವೂ ನಿಂಬೆಹುಳಿಯಲ್ಲಿ ಸುಕ್ಕಾದ ಆ ಬೆರಳುಗಳನ್ನು ಅವನು ಈಗ ಭೂತಗನ್ನಡಿಯಿಲ್ಲದೆ ನೋಡಿದ.

ಹೊರಗೆ ಮಂಜಿನಲ್ಲಿ ಧಡಾರನೆ ಡೋಲು, ಅದರ ಹಿಂದೆಯೇ ತುತ್ತೂರಿಗಳು ಮೊಳಗಿದವು. ಒಮಿತ್ಲಾನಿನ ವಾದ್ಯದವರು ಬಂದಿದ್ದರು. ಯಾರು ಕರೆಸಿದ್ದು, ಯಾರು ದುಡ್ಡು ಕೊಟ್ಟದ್ದು ಎಂದು ಫೆರ್ಮಿನ್ ಗಾಬರಿಯಾದ.

"ನಿಮ್ಮಣ್ಣನೇ ಕೊಟ್ಟದ್ದು," ಅಂದಳು ಹೆರ್ಮಿಲಾ. "ನಾಣ್ಯಕ್ಕೆ ದುಡ್ಡು ಕಳಿಸಿದ್ದರಲ್ಲ, ಅದೇ ಊದುತ್ತಾ ಇದೆ ಕೇಳು. ವಾಪಸ್ ಇಲ್ಲ ಅಂತ ಮೊದಲೇ ಬರೆದಿದ್ದೆ."

ಊಟದ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿತ್ತು. ಫೆರ್ಮಿನ್‌ನ ಅಂಗಳದಲ್ಲಿ ಖಾರದ ಮೆಣಸಿನ ಸಾರಿನ ಹಂಡೆ ಖಾಲಿಯಾಗುತ್ತಿತ್ತು, ಪಚೂಕದ ಸೋದರತ್ತೆ ಕಪ್ಪು ಉಡುಪಿನಲ್ಲೇ ಕ್ಷೌರಿಕನ ಜೊತೆ ಕುಣಿಯುತ್ತಿದ್ದಳು. ಮದುಮಗಳು ಬೊಗಸೆಯಲ್ಲಿ ನಾಣ್ಯ ಹಿಡಿದು ದೊಡ್ಡಪ್ಪನ ಬಳಿ ಬಂದಳು. ಇವು ದೊಡ್ಡಮ್ಮನವೇ ಎಂದು ಗೊತ್ತಾದ ಮೇಲೆ ಜೀವ ಹೋದರೂ ಬಿಡುವುದಿಲ್ಲ, ಆದರೆ ಈ ವಾಸನೆ ಹೊತ್ತು ಹೊಸ ಮನೆಗೆ ಹೇಗೆ ಹೋಗಲಿ ಎಂದಳು.

ನಬೋರ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ತೋಳು ಮಡಚಿದ. ಅಡುಗೆಯವರ ಹತ್ತಿರ ಹೋಗಿ ಒಂದು ಬಟ್ಟಲು ಸೋಡಾ, ನಾಲ್ಕು ನಿಂಬೆಹಣ್ಣು ಇಸಿದುಕೊಂಡು ಬಂದು ಮೇಜಿನ ಮುಂದೆ ಕೂತ. ಊರಿನವರೆಲ್ಲ ಕುಣಿತ ನಿಲ್ಲಿಸಿ ಸುತ್ತ ಸೇರಿದರು. ಅವನು ಮೊದಲ ಪೆಸೊವನ್ನು ಎತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ತಿಕ್ಕತೊಡಗಿದ. ಮೆಲ್ಲಮೆಲ್ಲಗೆ ಟೋಪಿ ಬೆಳ್ಳಗಾಯಿತು, ಬಿಸಿಲಿಗೆ ಥಳಕ್ಕೆಂದಿತು. ಮುಗಿಯಿತು ಎಂದು ಹೆಂಡತಿಯ ಅಂಗೈಯಲ್ಲಿಟ್ಟ.

ಹೆರ್ಮಿಲಾ ಅವನ ಜೇಬಿಗೆ ಕೈ ಹಾಕಿ ಭೂತಗನ್ನಡಿ ತೆಗೆದಳು. ಒಂದು ಕಣ್ಣು ಮುಚ್ಚಿ ನಾಣ್ಯವನ್ನು ಓರೆಯಾಗಿ ಹಿಡಿದು ಸಾವಕಾಶವಾಗಿ ನೋಡಿದಳು.

"ಕಿರಣದ ಸಂದಿಯಲ್ಲಿ ಕೊಳೆ ಉಳಿದಿದೆ," ಅಂದಳು. "ವಾಪಸ್ಸು."